ರಜಬ್ ಒಂದರಂದು ಹುಟ್ಟಿದವರು

ಶವ್ವಾಲ್ 5, ಭಾನುವಾರ

ರಂಜಾನ್ ಹಬ್ಬದ ರಜೆ ಮುಗಿದು ಇವತ್ತು ಕಚೇರಿ ತೆರೆಯಿತು. ಒಂಬತ್ತು ವರ್ಷ ನಾನು ಬರೆದು, ತಿದ್ದಿ, ಕಾದುಕೊಂಡು ಬಂದ ಲೋಡರ್ ತಂತ್ರಾಂಶವನ್ನು ಬೆಳಗ್ಗೆ ಹತ್ತೂಕಾಲಿಗೆ ನಿಲ್ಲಿಸಿದರು. ನಿಲ್ಲಿಸಿ ತನ್ನ ಹೊಸ ಲೋಡರ್ ಹಾಕಿದವನು ಮಿಶಾಲ್. ರಿಯಾದ್‌ನಿಂದ ಬಂದು ಎಂಟು ತಿಂಗಳಾಗಿದೆ. ವಯಸ್ಸು ಮೂವತ್ತೊಂದು.

ನಿಲ್ಲಿಸುವ ಮೊದಲು ಭಾಷಣ ಮಾಡಿದ. ಪ್ರಾಂತದ ಮೂವತ್ತೊಂದು ಆಸ್ಪತ್ರೆ, ಕ್ಲಿನಿಕ್‌ಗಳು ದಿನವೂ ರೋಗಿಗಳ ಫೈಲು ಕಳಿಸುತ್ತವೆ, ಲೋಡರ್ ಅವನ್ನು ಓದಿ, ಸೋಸಿ, ದತ್ತಾಂಶದ ಉಗ್ರಾಣಕ್ಕೆ ತುಂಬುತ್ತದೆ, ಉಗ್ರಾಣದಲ್ಲಿ ಹೆಸರಿದ್ದವರ ಮನೆಗೆ ಪ್ರತಿ ತಿಂಗಳ ಒಂಬತ್ತಕ್ಕೆ ಔಷಧದ ಪೆಟ್ಟಿಗೆ ಹೋಗುತ್ತದೆ ಎಂದು ನಮಗೇ ವಿವರಿಸಿದ. ಅಬಹಾದ ಈ ಕಟ್ಟಡದಲ್ಲಿ ಚಹಾ ತರುವವರಿಗೂ ಗೊತ್ತಿರುವ ವಿಷಯ. ಪರದೆಯ ಮೇಲೆ ಅವನು ತೋರಿಸಿದ್ದು ನನ್ನ ಟಿಪ್ಪಣಿ. ಯಾವ ಕ್ಲಿನಿಕ್‌ನ ಫೈಲಿನಲ್ಲಿ ಯಾವ ಅಂಕಣ ಏನು ಹೇಳುತ್ತದೆ ಎಂದು ನಾನು ಬರೆದಿಟ್ಟ 340 ಪುಟ. ಮುಖಪುಟದಲ್ಲಿ ಅವನ ಹೆಸರಿತ್ತು. ಪುಟಗಳು 318 ಆಗಿದ್ದವು. ‘ಹರಟೆಯನ್ನೆಲ್ಲ ತೆಗೆದಿದ್ದೇನೆ’ ಎಂದ.

ನನ್ನನ್ನು ಮೂಲೆಯ ಮೇಜಿಗೆ ಹಾಕಿದ್ದಾರೆ. ಹೊಸ ಲೋಡರ್ ತಿರಸ್ಕರಿಸಿದ ಸಾಲುಗಳನ್ನು ನೋಡಿ ಪಟ್ಟಿ ಮಾಡುವುದು ಇನ್ನು ಮುಂದೆ ನನ್ನ ಕೆಲಸ.

“ಬೇಜಾರು ಮಾಡ್ಕೋಬೇಡಿ ಅಕ್ಕಾ, ನಿಮ್ಮ ಅನುಭವ ನಮಗೆ ಬೇಕೇ ಬೇಕು,” ಎಂದ ಮಿಶಾಲ್.

ಅಕ್ಕನಂತೆ. ಇವನನ್ನು ನಾನು ಬಿಡುವುದಿಲ್ಲ. ಬರೆದಿಟ್ಟಿದ್ದೇನೆ.

ಶವ್ವಾಲ್ 7, ಮಂಗಳವಾರ

ಸಿಕ್ಕಿತು. ಎರಡೇ ದಿನದಲ್ಲಿ ಸಿಕ್ಕಿತು!

ಮಧ್ಯಾಹ್ನ ಕಚೇರಿಯಲ್ಲಿ ಕೇಕ್ ಕತ್ತರಿಸಿದರು. ಹೊಸ ಲೋಡರ್ ಒಬ್ಬರದೇ ಎರಡೆರಡಾಗಿದ್ದ 653 ನಕಲು ದಾಖಲೆಗಳನ್ನು ಹಿಡಿದು ತೆಗೆದಿದೆ, ಹಳೆಯದು ಒಂಬತ್ತು ವರ್ಷ ಇವನ್ನು ಸುಮ್ಮನೆ ಹೊತ್ತುಕೊಂಡಿತ್ತು ಎಂದು ಮಿಶಾಲ್ ಎಲ್ಲರಿಗೂ ಕೇಳುವಂತೆ ಹೇಳಿದ. ಕೆಲವರು ನನ್ನತ್ತ ನೋಡಿದರು. ನಾನು ಕೇಕ್ ತಿಂದೆ. ಆಮೇಲೆ ಮೂಲೆಗೆ ಬಂದು ಆ 653ರ ಪಟ್ಟಿ ತೆರೆದೆ.

ಅವನ ನಿಯಮ ಹೀಗಿದೆ: ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ ನಾಲ್ಕೂ ಒಂದೇ ಆಗಿದ್ದರೆ ಇಬ್ಬರೂ ಒಬ್ಬರೇ. ಒಂದು ದಾಖಲೆ ಉಳಿಯುತ್ತದೆ, ಇನ್ನೊಂದು ಅದರೊಳಗೆ ಸೇರಿಹೋಗುತ್ತದೆ. ಕೇಳಲು ಗಟ್ಟಿಯಾಗಿದೆ. ಆದರೆ ನಮ್ಮ ಬೆಟ್ಟದ ಮುದುಕ ಮುದುಕಿಯರು ಹುಟ್ಟಿದ ದಿನವನ್ನು ಯಾರು ಬರೆದಿಟ್ಟಿದ್ದರು? ಗುರುತಿನ ಚೀಟಿ ಬಂದ ಕಾಲದಲ್ಲಿ ವರ್ಷ ಅಂದಾಜು ಮಾಡಿ, ದಿನ ಗೊತ್ತಿಲ್ಲದವರಿಗೆಲ್ಲ ಗುಮಾಸ್ತರು ರಜಬ್ ಒಂದು ಎಂದು ಬರೆದರು. ಹಿಜರಿ ಪಂಚಾಂಗದ ಏಳನೇ ತಿಂಗಳ ಮೊದಲ ದಿನ, ವರ್ಷದ ನಡುವಿನ ದಿನ ಅದು. ಒಂದೇ ಊರಿನಲ್ಲಿ ಅಜ್ಜನ ಹೆಸರು ಹೊತ್ತ ಸೋದರ ಸಂಬಂಧಿಗಳು ಮೂರು ನಾಲ್ಕು ಮಂದಿ ಇರುತ್ತಾರೆ. ಹಳೆಯ ಕ್ಲಿನಿಕ್ ಫೈಲುಗಳಲ್ಲಿ ಗುರುತಿನ ಸಂಖ್ಯೆಯ ಅಂಕಣವೇ ಖಾಲಿ. ಹೀಗಾಗಿ ಇಬ್ಬರು ಬೇರೆ ಬೇರೆ ಮನುಷ್ಯರು ಒಂದಾಗಿದ್ದಾರೆ. ದಾಖಲೆ ಉಳಿದವರ ಪೆಟ್ಟಿಗೆಗೆ ಇಬ್ಬರ ಔಷಧವೂ ಹೋಗುತ್ತದೆ, ದಾಖಲೆ ಅಳಿದವರಿಗೆ ಏನೂ ಹೋಗುವುದಿಲ್ಲ.

ಇದನ್ನು 211ನೇ ಪುಟದಲ್ಲಿ ಬರೆದಿದ್ದೆ. ಅವನಿಗೆ ಅದು ಹರಟೆ.

ನಾಡಿದ್ದು ಪೆಟ್ಟಿಗೆ ಹೊರಡುತ್ತದೆ.

ಶವ್ವಾಲ್ 8, ಬುಧವಾರ

27ಕ್ಕೆ ಪರಿಶೀಲನಾ ಸಭೆ. ನಿರ್ದೇಶಕ ಅಬು ಗಸ್ಸಾನ್ ಬರುತ್ತಾರೆ, ರಾಜಧಾನಿಯಿಂದ ಮೂವರು ಬರುತ್ತಾರೆ. ಇವತ್ತೇ ಹೇಳಿದರೆ ಏನಾಗುತ್ತದೆ? ಮಿಶಾಲ್ ಅರ್ಧ ಗಂಟೆಯಲ್ಲಿ ನಿಯಮ ಬದಲಿಸುತ್ತಾನೆ, ‘ಅಕ್ಕನ ಅನುಭವ ನೋಡಿ’ ಎಂದು ನನ್ನ ಬೆನ್ನು ತಟ್ಟುತ್ತಾನೆ, ಅಲ್ಲಿಗೆ ಮುಗಿಯಿತು. ಬೇಡ. ಅವನು ದೊಡ್ಡವರ ಸಭೆಗೆ ಹಾಕುವ ಬಿಶ್ತ್ ಮೇಲಂಗಿ ಹೊದ್ದು ಪರದೆಯ ಮುಂದೆ ನಿಂತಿರುವಾಗ ಹೇಳಬೇಕು.

ಸಂಜೆ ಅಮ್ಮನಿಗೆ ಬರೀ ರಜಬ್ ಒಂದರ ವಿಷಯ ಕೇಳಿದೆ. ಅವಳದೂ ಅದೇ ದಿನ.

“ಆ ಗುಮಾಸ್ತ ತಲೆ ಎತ್ತಿ ನೋಡ್ಲೂ ಇಲ್ಲ ಕಣೇ. ಸಾಲಾಗಿ ಕೂತಿದ್ವಿ, ಎಲ್ಲರಿಗೂ ಒಂದೇ ದಿನ ಬರೆದ. ನಾವೆಲ್ಲ ನಿಜವಾಗ್ಲೂ ಅವತ್ತೇ ಹುಟ್ಟಿದ್ರೆ, ಊರಿಗೆ ಇದ್ದ ಒಬ್ಬಳೇ ಸೂಲಗಿತ್ತಿ ಸತ್ತೇ ಹೋಗಿರೋಳು!” ಎಂದು ನಕ್ಕಳು. ಆಮೇಲೆ, “ಯಾಕೆ ಕೇಳ್ದೆ?” ಎಂದಳು.

ಕಚೇರಿ ಕೆಲಸ ಎಂದೆ.

ಶವ್ವಾಲ್ 12, ಭಾನುವಾರ

ಗುರುವಾರ ಪೆಟ್ಟಿಗೆಗಳು ಹೋದವು.

ಸಾಕ್ಷಿ ಗಟ್ಟಿಯಾಗಬೇಕು. 653ರಲ್ಲಿ ನಿಜವಾದ ನಕಲುಗಳೂ ಇವೆ. ಯಾರು ಯಾರು ಬೇರೆ ಎಂದು ತೋರಿಸಲು ಫೋನ್ ಮಾಡಿ ಕೇಳುವುದೊಂದೇ ದಾರಿ. ಉಳಿದುಕೊಂಡವರಿಗೆ, ಈ ತಿಂಗಳು ಹೊಸದಾಗಿ ಬಂದ ಮಾತ್ರೆ ಇದ್ದರೆ ಮುಟ್ಟಬೇಡಿ, ಕ್ಲಿನಿಕ್‌ಗೆ ವಾಪಸ್ ಕೊಡಿ ಎಂದು ಹೇಳುತ್ತಿದ್ದೇನೆ. ಯಾರಿಗಾದರೂ ಏನಾದರೂ ಆದರೆ ಸುದ್ದಿ ಮೊದಲೇ ಹೊರಗೆ ಬಂದು ನನ್ನ ಸಭೆ ಕೆಡುತ್ತದೆ.

ಯಂತ್ರಗಳ ಕೋಣೆ ನೋಡಿಕೊಳ್ಳುವ ಬಾಬಿಕರ್ ಮಾತ್ರ ನಾನು ಏನು ಮಾಡುತ್ತಿದ್ದೇನೆಂದು ಕಂಡುಹಿಡಿದ. ಸುಡಾನಿನವನು. ಇಪ್ಪತ್ತು ವರ್ಷದಿಂದ ಇಲ್ಲಿದ್ದಾನೆ, ಫೈಲುಗಳು ಬರುವ ಸದ್ದು ಕೇಳಿಸುತ್ತದೆ ಎನ್ನುತ್ತಾನೆ.

“ಉಸ್ತಾಜಾ, ನೀವು ರಜಬ್ ಒಂದರೋರು ಪುಣ್ಯವಂತರು. ನಮ್ಮ ಕಡೆ ಎಲ್ಲರೂ ಜನವರಿ ಒಂದು. ನಮ್ಮ ಮನೇಲಿ ಏಳು ಜನಕ್ಕೆ ಒಂದೇ ಹುಟ್ಟುಹಬ್ಬ. ಖರ್ಚು ಕಮ್ಮಿ.” ನಕ್ಕು, ದನಿ ತಗ್ಗಿಸಿದ. “ಇದನ್ನ ಮೇಲಿನೋರಿಗೆ ಯಾವಾಗ ಹೇಳ್ತೀರಿ?”

“27ಕ್ಕೆ.”

ಅವನು ಬೆರಳು ಮಡಚಿ ದಿನಗಳನ್ನು ಎಣಿಸಿದ. ತನ್ನ ಕೋಣೆಗೆ ಹೋದ.

ಶವ್ವಾಲ್ 13, ಸೋಮವಾರ

ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಸಿದ್ರ್ ಕಣಿವೆಯಲ್ಲಿ ಇಬ್ಬರು ಮುಶಬ್ಬಬ್ ಬಿನ್ ಆಇದ್. ಇಬ್ಬರದೂ ಒಂದೇ ವರ್ಷ, ರಜಬ್ ಒಂದು. ತಾತನ ಹೆಸರೂ ಒಂದೇ. ಒಬ್ಬರು ಜೇನು ಸಾಕುತ್ತಾರೆ, ಸಕ್ಕರೆ ಕಾಯಿಲೆ. ಇನ್ನೊಬ್ಬರು ಮಸೀದಿಯ ಪಕ್ಕದವರು, ಹೃದಯದ ಕಾಯಿಲೆ, ಕಾಲಿನ ಊತಕ್ಕೆ ಮೈಯ ನೀರಿಳಿಸುವ ಮಾತ್ರೆ. ಜೇನಿನವರು ಉಳಿದಿದ್ದಾರೆ, ಮಸೀದಿಯವರು ಅಳಿದಿದ್ದಾರೆ. ಜೇನಿನವರ ಸೊಸೆ ಹೆಚ್ಚಿಗೆ ಬಂದ ಮಾತ್ರೆಗಳನ್ನು ಆಗಲೇ ಕ್ಲಿನಿಕ್‌ಗೆ ಕೊಟ್ಟುಬಿಟ್ಟಿದ್ದಾಳೆ.

ಮಸೀದಿ ಮುಶಬ್ಬಬ್‌ಗೆ ಫೋನ್ ಮಾಡಿದೆ. ಮಗಳು ಸಾಲಿಹಾ ಎತ್ತಿ ತಂದೆಗೆ ಕೊಟ್ಟಳು.

“ಪೆಟ್ಟಿಗೆ ಬಂತಾ ದೊಡ್ಡಪ್ಪ?”

“ಇಲ್ಲಮ್ಮ. ಹುಡುಗರು ರಸ್ತೆ ತಪ್ಪಿರ್ಬೇಕು ಅಂದ್ಕೊಂಡೆ. ಮೋಡ ಇಳಿದ್ರೆ ನಮ್ಮ ಊರು ನಮಗೇ ಕಾಣಲ್ಲ. ಬರುತ್ತೆ ತಾನೆ?”

“ಬರುತ್ತೆ.”

“ಹಂಗಾದ್ರೆ ಕ್ಲಿನಿಕ್‌ಗೆ ಇಳಿಯೋದು ಬೇಡ ಅನ್ನು. ಮೊಣಕಾಲು ಹೇಳಿದ ಮಾತು ಕೇಳಲ್ಲ.”

“ಬೇಡ. ಸ್ವಲ್ಪ ದಿನ. ಇರೋದನ್ನ ನೋಡ್ಕೊಂಡು ತಗೊಳ್ಳಿ.”

ಮಾತು ಮುಗಿಸಲು ಹಾಗೆಂದೆ. ಅವರು ನನ್ನ ಹೆಸರು ಕೇಳಿದರು, ಜವಾಹಿರ್ ಎಂದೆ. ನನಗೆ, ನನ್ನ ತಾಯಿಗೆ, ನನ್ನ ಕಚೇರಿಗೆ ಎಲ್ಲಕ್ಕೂ ಒಳ್ಳೆಯದಾಗಲಿ ಎಂದು ದುವಾ ಮಾಡಿದರು. ಕಚೇರಿಗೆ ಬೇಡವಾಗಿತ್ತು.

ಇಬ್ಬರ ಸಾಲುಗಳನ್ನು ಪರದೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮಗುವಿಗೂ ಅರ್ಥವಾಗುತ್ತದೆ. ಮಿಶಾಲ್ ಏನು ಮುಖ ಮಾಡುತ್ತಾನೆಂದು ಊಹಿಸಿಕೊಂಡು ಊಟ ಮಾಡಿದೆ. ಚೆನ್ನಾಗಿ ಸೇರಿತು.

ಶವ್ವಾಲ್ 15, ಬುಧವಾರ

ಲೆಕ್ಕ ಮುಗಿಯಿತು. ತಪ್ಪಾಗಿ ಅಳಿದವರು 212.

ಹೊಸ ಲೋಡರಿಗೆ ಒಂದು ವಿನಾಯಿತಿ ಫೈಲು ಇದೆ. ಇವರಿಬ್ಬರೂ ಬೇರೆ ಎಂದು ಅದರಲ್ಲಿ ಒಂದು ಸಾಲು ಬರೆದರೆ, ಮರುದಿನದ ಲೋಡ್‌ನಲ್ಲಿ ಬೇರೆಯಾಗುತ್ತಾರೆ, ತಡವಾದ ಪೆಟ್ಟಿಗೆ ತಾನಾಗಿ ಹೊರಡುತ್ತದೆ. ಪ್ರತಿ ಸಾಲಿಗೂ ಕಾರಣ ಬರೆಯಬೇಕು. ಅದನ್ನು ಬರೆಯುವ ಅಧಿಕಾರ ನನ್ನ ಮೇಜಿಗಿದೆ. ಮಿಶಾಲ್ ಆ ಫೈಲನ್ನು ತೆರೆದೇ ಇಲ್ಲ. ಪರದೆ ಹಸಿರಾಗಿದ್ದರೆ ಅವನಿಗೆ ಸಾಕು.

ಇವತ್ತು ಹನ್ನೊಂದು ಸಾಲು ಬರೆದೆ. ಈ ಹನ್ನೊಂದು ಜನರಿಂದ ಸಭೆಗೆ ಉಪಯೋಗವಿಲ್ಲ. ಕೆಲವರಿಗೆ ಕಿವಿ ಕೇಳುವುದಿಲ್ಲ, ಕೆಲವರು ಕೇಳಿದ್ದನ್ನು ಮರೆಯುತ್ತಾರೆ. ಉಳಿದ 201 ಅವನನ್ನು ಮುಗಿಸಲು ಧಾರಾಳ.

ಶವ್ವಾಲ್ 17, ಶುಕ್ರವಾರ

ಅಮ್ಮನಿಗೆ ತುಪ್ಪ, ಜೇನು ಸುರಿದ ಅರೀಕಾ ತಿನ್ನಬೇಕೆಂದಿತ್ತು. ಕಟ್ಟಿಸಿಕೊಂಡು ಕಾರಿನಲ್ಲಿ ಹೊರಟೆವು. ಮನೆ ದಾರಿಯಲ್ಲೇ ಇತ್ತೆಂದು ಝರೀಫಾ ಎಂಬ ಮುದುಕಿಗೆ ಕಣ್ಣಿನ ಹನಿಯ ಔಷಧ ಕೊಟ್ಟು ಬಂದೆ. ಹನ್ನೊಂದರಲ್ಲಿ ಅವಳೂ ಒಬ್ಬಳು, ಪೆಟ್ಟಿಗೆ ತಲುಪಲು ಇನ್ನೂ ಎರಡು ದಿನ ಬೇಕಿತ್ತು.

“ಇದು ಯಾವ ಸೀಮೆ ದಾರಿ? ನಲವತ್ತು ಕಿಲೋಮೀಟರ್ ಬಂದ್ವಿ,” ಎಂದಳು ಅಮ್ಮ.

ಅರೀಕಾ ತಣ್ಣಗಾಗಿತ್ತು.

ಶವ್ವಾಲ್ 19, ಭಾನುವಾರ

ಅರವತ್ತನಾಲ್ಕು ಸಾಲು. ಇವರೆಲ್ಲ ಬಾಯಿ ಜೋರಿನವರು, ಅಥವಾ ಮನೆಯಲ್ಲಿ ಜೋರಿನ ಸೊಸೆಯಂದಿರು ಇರುವವರು. ಬಿಟ್ಟರೆ ಮೊದಲೇ ದೂರು ಕೊಡುತ್ತಾರೆ, ಮಿಶಾಲ್ ಎಚ್ಚರವಾಗುತ್ತಾನೆ. ಉಳಿದದ್ದು 137.

ಅವನು ಸಭೆಗೆಂದು ಹೊಸ ಬಿಶ್ತ್ ಹೊಲಿಸಿದ್ದಾನೆ. ಕಂದು ಬಣ್ಣ, ಜರಿ ಅಂಚು. ಫೋನಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ. “ಅಕ್ಕಾ, ಹೇಗಿದೆ?” ಎಂದು ನನ್ನನ್ನೂ ಕೇಳಿದ.

“ನಿಂಗೆ ಹೇಳಿ ಹೊಲಿಸಿದ ಹಾಗಿದೆ,” ಎಂದೆ.

ಹೊದೆಯಲಿ. ಹೊದ್ದು ನಿಲ್ಲಲಿ.

ಶವ್ವಾಲ್ 21, ಮಂಗಳವಾರ

ತೊಂಬತ್ತು. ಸಭೆಯಲ್ಲಿ ಇಷ್ಟೊಂದು ಹೆಸರು ಓದಲು ಸಮಯ ಕೊಡುವುದಿಲ್ಲ. ಉಳಿದದ್ದು 47.

ಗಂಟಲು ಕೆಟ್ಟಿದೆ. ಫೋನಿನಲ್ಲಿ ಎಲ್ಲರೂ ಶುಂಠಿ ಕುಡಿ ಎನ್ನುತ್ತಾರೆ.

ಶವ್ವಾಲ್ 23, ಗುರುವಾರ

ಒಂದು ಗಟ್ಟಿ ಉದಾಹರಣೆ ಇದ್ದರೆ ಸಾಕು ಎಂದು ತೀರ್ಮಾನಿಸಿ ನಲವತ್ತಾರು ಸಾಲು ಬರೆದೆ. ಕಾರಣದ ಅಂಕಣದಲ್ಲಿ ಮೊದಮೊದಲು ‘ಬೇರೆ ವ್ಯಕ್ತಿ’ ಎಂದಷ್ಟೇ ಹಾಕುತ್ತಿದ್ದೆ. ಇವತ್ತು ನೋಡಿದರೆ ಉದ್ದುದ್ದ ಬರೆದಿದ್ದೇನೆ. ‘ಇವರ ಎಡಗೈಯಲ್ಲಿ ಮೂರು ಬೆರಳು.’ ‘ಇವಳು ಹಿರಿಯ ಹೆಂಡತಿಯ ಮಗಳು, ಅವಳು ಕಿರಿಯವಳ ಮಗಳು, ಇಬ್ಬರಿಗೂ ಅಜ್ಜಿಯ ಹೆಸರು.’ ವಿನಾಯಿತಿಗೆ ಇಷ್ಟು ಬೇಕಿಲ್ಲ.

ಬಾಬಿಕರ್ ಕೆಂಪು ಚಹಾ ತಂದು ನನ್ನ ಪರದೆಯನ್ನು ನೋಡಿದ.

“ಒಂದು ಉಳಿದಿದೆ ಉಸ್ತಾಜಾ.”

“ಗೊತ್ತು.”

“ಮರೆತ್ರೇನೋ ಅಂದ್ಕೊಂಡೆ.”

“ಮರೆತಿಲ್ಲ. ಅದು ಬೇಕು.”

“ಯಾರಿಗೆ ಬೇಕು?”

“ಸಭೆಗೆ! ತಪ್ಪು ಜೀವಂತವಾಗಿ ಪರದೆಯ ಮೇಲೆ ಇರಬೇಕು. ಎಲ್ಲಾ ಸರಿ ಮಾಡಿಟ್ಟರೆ ಅವನು, ‘ಎಲ್ಲಿದೆ ತಪ್ಪು, ತೋರಿಸಿ’ ಅಂತಾನೆ. ನಾಲ್ಕು ದಿನ ಬಾಬಿಕರ್. ಶುಕ್ರ, ಶನಿ ಎರಡು ದಿನ ರಜೆಯಲ್ಲೇ ಹೋಗುತ್ತೆ.”

“ರಜೆ ನಮಗೆ,” ಎಂದ.

ಅವನಿಗೇನು ಗೊತ್ತು? ಅವನ ಒಂಬತ್ತು ವರ್ಷವನ್ನು ಯಾರೂ ಕದ್ದಿಲ್ಲ. ಚಹಾ ಕುಡಿಯದೆ ಬಿಟ್ಟೆ.

ಮಸೀದಿ ಮುಶಬ್ಬಬ್ ಮನೆಗೆ ಒಮ್ಮೆ ಫೋನ್ ಮಾಡೋಣ ಎನ್ನಿಸಿತು. ಮಾಡಿದರೆ ಪೆಟ್ಟಿಗೆ ಎಲ್ಲಿ ಎಂದು ಕೇಳುತ್ತಾರೆ. ಮಾಡಲಿಲ್ಲ.

ಶವ್ವಾಲ್ 26, ಭಾನುವಾರ

ನಾಳೆ.

ಮಾತುಗಳನ್ನು ಕನ್ನಡಿಯ ಮುಂದೆ ಹೇಳಿಕೊಂಡೆ. ನಾಲ್ಕು ನಿಮಿಷ. ಕೊನೆಯ ವಾಕ್ಯ: ‘ನನ್ನ ಹರಟೆಯಲ್ಲಿ ಇದು 211ನೇ ಪುಟದಲ್ಲಿತ್ತು.’

ಶವ್ವಾಲ್ 27, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಭೆ ಹತ್ತಕ್ಕೆ ಶುರುವಾಯಿತು. ಮಿಶಾಲ್ ಬಿಶ್ತ್ ಹೊದ್ದು ನಲವತ್ತು ನಿಮಿಷ ಮಾತಾಡಿದ. 653 ಎಂಬ ಸಂಖ್ಯೆ ಹಸಿರು ಅಕ್ಷರದಲ್ಲಿ ಬಂದಾಗ ರಾಜಧಾನಿಯವರು ತಲೆದೂಗಿದರು. ನಾನು ಎದ್ದು ನಿಂತೆ. ಒಂದು ಪ್ರಶ್ನೆ ಇದೆ ಎಂದೆ. ಸಿದ್ರ್ ಕಣಿವೆಯ ಮುಶಬ್ಬಬ್ ಬಿನ್ ಆಇದ್ ಅವರ ಸಾಲು ತೆರೆಯಲು ಹೇಳಿದೆ. ಅವನೇ ತೆರೆದ. ಒಂದೇ ಮೈಗೆ ಸಕ್ಕರೆ ಕಾಯಿಲೆಯ ಸೂಜಿ, ಹೃದಯದ ಮಾತ್ರೆ, ಎರಡು ರಕ್ತದ ಗುಂಪು. ಎರಡು ರಕ್ತದ ಗುಂಪು ಇರುವ ಮನುಷ್ಯನನ್ನು ನಾನು ನೋಡಿಲ್ಲ ಎಂದೆ. ಯಾರೋ ನಕ್ಕರು. ನಾಲ್ಕು ನಿಮಿಷದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದೆ. 211ನೇ ಪುಟದ ಪ್ರತಿಯನ್ನು ಮೇಜಿನ ಮೇಲಿಟ್ಟೆ.

ಮಿಶಾಲ್‌ನ ಮುಖ ನಾನು ಊಹಿಸಿದ್ದಕ್ಕಿಂತ ಚೆನ್ನಾಗಿ ಬಿಳುಚಿಕೊಂಡಿತು. ಆ ಒಂದು ನಿಮಿಷ ಸಿಹಿಯಾಗಿತ್ತು. ಸುಳ್ಳು ಬರೆಯುವುದಿಲ್ಲ.

ಅಬು ಗಸ್ಸಾನ್ ಅವನನ್ನು ನೋಡಿ, “ನಮ್ಮ ಅಪ್ಪಂದೂ ರಜಬ್ ಒಂದೇ ಕಣಯ್ಯಾ. ನಿಮ್ಮಪ್ಪಂದು ಯಾವಾಗ?” ಎಂದರು. ಅವರು ನನ್ನ ಕಡೆ ತಿರುಗಿದರು. “ಹೆಸರು ಅಳಿದ ಈ ಮನುಷ್ಯನ ಮನೆಗೆ ಈಗಲೇ ಫೋನ್ ಮಾಡಿ. ಎಲ್ಲರಿಗೂ ಕೇಳ್ಲಿ.”

ಸಾಲಿಹಾ ಎತ್ತಿದಳು. ನಿರ್ದೇಶಕರು ತಾವು ಯಾರೆಂದು ಹೇಳಿ, ತಂದೆಯ ಔಷಧದ ವಿಷಯ ಕೇಳಿದರು.

“ಅಪ್ಪ ಮನೇಲಿಲ್ಲ. ಶನಿವಾರದಿಂದ ಅಬಹಾ ಆಸ್ಪತ್ರೇಲಿದಾರೆ, ನಾನೂ ಇಲ್ಲೇ ಇದೀನಿ. ಎದೇಲಿ ನೀರು ತುಂಬ್ಕೊಂಡಿದೆ. ಉಸಿರಾಡೋಕೆ ಆಗ್ತಿರಲಿಲ್ಲ.”

“ಔಷಧ ನಿಂತಾಗ ಕ್ಲಿನಿಕ್‌ಗೆ ಯಾಕೆ ಹೋಗಲಿಲ್ಲಮ್ಮ?”

“ನಿಮ್ಮ ಕಚೇರಿಯಿಂದಾನೇ ಫೋನ್ ಬಂದಿತ್ತಲ್ಲ. ಜವಾಹಿರ್ ಅಂತ. ಬರುತ್ತೆ, ಹೋಗೋದು ಬೇಡ, ಇರೋದನ್ನ ನೋಡ್ಕೊಂಡು ತಗೊಳ್ಳಿ ಅಂದ್ರು. ಅಪ್ಪ ಇದ್ದ ಮಾತ್ರೆಗಳನ್ನ ಅರ್ಧ ಮಾಡಿದ್ರು, ಆಮೇಲೆ ಕಾಲು ಮಾಡಿದ್ರು. ನಾನು ಕರ್ಕೊಂಡು ಹೋಗ್ತೀನಿ ಅಂದ್ರೆ, ಆ ಹುಡುಗಿ ಮಾತು ಕೊಟ್ಟಿದಾಳೆ ಅಂತ ಬೈದ್ರು. ಆ ಅಕ್ಕ ಅಲ್ಲಿದ್ರೆ ಹೇಳಿ, ಯಾರೂ ಕೇಳದೆ ಇದ್ದಾಗ ಅವರೊಬ್ಬರೇ ಕೇಳಿದ್ದು. ಅವರಿಗೆ ಒಳ್ಳೇದಾಗ್ಲಿ.”

ಫೋನ್ ಇಟ್ಟ ಮೇಲೆ ಅಬು ಗಸ್ಸಾನ್ ಕೇಳಿದರು: “ನೀವು ಫೋನ್ ಮಾಡಿದ್ದು ಯಾವತ್ತು?”

“ಹದಿಮೂರಕ್ಕೆ.”

“ಇವತ್ತು ಎಷ್ಟು?”

“ಇಪ್ಪತ್ತೇಳು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಿಶಾಲ್ ನನ್ನತ್ತ ನೋಡಿದ. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಮಧ್ಯಾಹ್ನದ ಆದೇಶ: ಮಿಶಾಲ್‌ನನ್ನು ಕೆಲಸದಿಂದ ತಡೆಹಿಡಿಯಲಾಗಿದೆ. ಹಳೆಯ ಲೋಡರನ್ನು ನಾಳೆಯಿಂದ ಮತ್ತೆ ನಡೆಸಬೇಕು, ಉಸ್ತುವಾರಿ ಜವಾಹಿರ್. ನನ್ನ ಮೇಲೆ ಬೇರೆ ಕ್ರಮವಿಲ್ಲ. ಕಾಗದದಲ್ಲಿ ನನ್ನ ತಪ್ಪು ಎಂದು ಹಾಕಲು ಯಾವ ಅಂಕಣವೂ ಇಲ್ಲ.

ಕೊನೆಯ ವಿನಾಯಿತಿ ಸಾಲನ್ನು ಎರಡೂವರೆಗೆ ಬರೆದೆ. ಅರ್ಧ ನಿಮಿಷದ ಕೆಲಸ.

ಗೆದ್ದಿದ್ದೇನೆ. ಅದನ್ನೂ ಬರೆಯಬೇಕಲ್ಲ. ಗೆದ್ದಿದ್ದೇನೆ.

ಶವ್ವಾಲ್ 28, ಮಂಗಳವಾರ

ಹಳೆಯ ಲೋಡರ್ ಶುರುವಾಯಿತು. ಮೂವತ್ತೊಂದು ಫೈಲೂ ಬಂದವು. ಬಾಬಿಕರ್ ಅಭಿನಂದನೆ ಹೇಳಲಿಲ್ಲ, ಚಹಾ ಮಾತ್ರ ಇಟ್ಟು ಹೋದ.

ಶವ್ವಾಲ್ 29, ಬುಧವಾರ

ಆಸ್ಪತ್ರೆಗೆ ಹೋಗುವುದೆಂದು ನಿನ್ನೆಯೇ ಅಂದುಕೊಂಡೆ, ಹೋಗಲಿಲ್ಲ. ಇವತ್ತು ಇಳಿಹೊತ್ತಿನ ಅಸರ್ ನಮಾಜಿನ ನಂತರ ಖರ್ಜೂರ ತೆಗೆದುಕೊಂಡು ಹೋದೆ. ಮೂರನೇ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ.

ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಿಶಾಲ್ ಕುಳಿತಿದ್ದ. ಬಿಶ್ತ್ ಇಲ್ಲ, ಸುಕ್ಕಾದ ಬಿಳಿ ಥೋಬ್. ಅವನ ಕಾಲ ಬಳಿಯೂ ಖರ್ಜೂರದ ಪೆಟ್ಟಿಗೆ. ನಿನ್ನೆಯೂ ಬಂದಿದ್ದನಂತೆ. ಇಲ್ಲಿಗೂ ನನಗಿಂತ ಮೊದಲು ಬಂದಿದ್ದಾನೆ! ಮೊದಲು ನನಗೆ ಬಂದದ್ದು ಅದೊಂದೇ ಯೋಚನೆ. ತಿರುಗಿ ಹೋಗಬೇಕೆಂದಿದ್ದೆ, ಸಾಲಿಹಾ ಕೈ ಹಿಡಿದು ಒಳಗೆ ಕರೆದಳು.

ಮುಶಬ್ಬಬ್ ಅವರ ಮೂಗಿನಲ್ಲಿ ಆಮ್ಲಜನಕದ ನಳಿಕೆ ಇತ್ತು. ತೀರಾ ಸಣ್ಣ ಆಳು. ಫೋನಿನ ದನಿಗೆ ನಾನು ದೊಡ್ಡ ದೇಹವನ್ನು ಊಹಿಸಿದ್ದೆ.

“ಇವಳೇನಾ ಆ ಹುಡುಗಿ?” ಎಂದರು. “ಕೂತ್ಕೋ. ಈ ಹುಡುಗ ಎರಡು ದಿನದಿಂದ ತಪ್ಪು ನಂದು, ತಪ್ಪು ನಂದು ಅಂತ ತಲೆ ತಿಂತಿದಾನೆ. ನಮ್ಮಿಬ್ಬರನ್ನ ಒಬ್ಬನೇ ಅಂದ್ಕೊಂಡ್ನಂತೆ. ಆ ಜೇನಿನವನ ಮುಖ ನೋಡಿದ್ರೆ ಹಂಗಂದ್ಕೊಳ್ತಿರ್ಲಿಲ್ಲ. ಅವನು ನನಗಿಂತ ಕುರೂಪಿ.” ನಗಲು ಹೋಗಿ ಕೆಮ್ಮಿದರು. ಸಾಲಿಹಾ ಬೆನ್ನಿಗೆ ದಿಂಬು ಕೊಟ್ಟಳು.

ಕೆಮ್ಮು ನಿಲ್ಲುವವರೆಗೂ ಮಿಶಾಲ್ ನನ್ನ ಮುಖ ನೋಡಲಿಲ್ಲ. ಅವನು ಇವರಿಗೆ ನನ್ನ ವಿಷಯ ಹೇಳಬಹುದಿತ್ತು. ಎರಡು ದಿನ ಸಮಯವಿತ್ತು. ಹೇಳಿರಲಿಲ್ಲ. ಅದಕ್ಕೂ ಅವನ ಮೇಲೆ ಸಿಟ್ಟು ಬಂತು.

“ದೊಡ್ಡಪ್ಪ,” ಎಂದೆ. “ನನಗೆ ಗೊತ್ತಿತ್ತು.”

“ಏನು?”

“ನಿಮ್ಮ ಹೆಸರು ಅಳಿದುಹೋಗಿದೆ ಅಂತ. ಫೋನ್ ಮಾಡಿದಾಗ ಗೊತ್ತಿತ್ತು. ಅದಕ್ಕೂ ಮೊದಲೇ, ಏಳನೇ ತಾರೀಕೇ ಗೊತ್ತಿತ್ತು. ಸರಿ ಮಾಡೋಕೆ ಅರ್ಧ ನಿಮಿಷ ಸಾಕಿತ್ತು. ಇವನನ್ನ ಕೆಳಗಿಳಿಸೋಕೆ ನೀವು ಬೇಕಿತ್ತು, ಅದಕ್ಕೇ ಇಟ್ಕೊಂಡೆ.”

ಸಾಲಿಹಾ ದಿಂಬಿನಿಂದ ಕೈ ತೆಗೆದಳು. ಮುಶಬ್ಬಬ್ ಚಾವಣಿಯತ್ತ ನೋಡಿದರು. ತುಟಿ ಅಲುಗುತ್ತಿತ್ತು, ತಾರೀಖು ಎಣಿಸುತ್ತಿದ್ದಾರೆಂದು ತಿಳಿಯಿತು.

“ಪೆಟ್ಟಿಗೆ ಬರೋದು ಒಂಬತ್ತಕ್ಕೆ,” ಎಂದರು. “ಅವತ್ತು ಬೆಳಗ್ಗೆಯಿಂದ ಬಾಗಿಲಲ್ಲಿ ಕೂತಿದ್ದೆ. ಬರಲ್ಲ ಅಂತ ನನಗಿಂತ ಎರಡು ದಿನ ಮೊದಲೇ ನಿಂಗೆ ಗೊತ್ತಿತ್ತು.”

“ಹೌದು,” ಎಂದೆ.